ಅಡವಿಯಲ್ಲಿ ಕೂಗಿದ ನೂರ ಐವತ್ತಮೂರು

ನಾನು ಗಣಿತದ ಟೀಚರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನಾನು ಈಗ ಹೇಳಲು ಹೊರಟಿರುವುದನ್ನು ಬೇರೆ ಯಾರಾದರೂ ನನ್ನೆದುರು ಕೂತು ಹೇಳಿದ್ದರೆ, "ಸಾಕ್ ಬಿಡ್ರಿ, ನನಗ ಬ್ಯಾರೆ ಕೆಲಸ ಐತಿ" ಎಂದು ಎದ್ದು ಹೋಗುತ್ತಿದ್ದೆ. ಹಾಗೆ ಎದ್ದು ಹೋದದ್ದೂ ಉಂಟು. ದಾಂಡೇಲಿಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚಿದ ಕೂಡಲೇ ಯಾರಾದರೊಬ್ಬರು ದೆವ್ವದ ಸುದ್ದಿ ತೆಗೆಯುತ್ತಿದ್ದರು. ಯಾವುದೋ ಹುಣಸೆಮರ, ಬಿಳಿ ಸೀರೆ, ಹಿಂದುಮುಂದಾದ ಪಾದ. ನಾನು ರೊಟ್ಟಿಗೆ ಚಟ್ನಿ ಹಚ್ಚಿಕೊಳ್ಳುತ್ತ, "ಆ ಸೀರಿ ಅಷ್ಟ್ ಬೆಳ್ಳಗ ಇರಾಕ ಯಾವ ಸೋಪ್ ಹಚ್ತಾಳಂತ, ಅದನ್ನೂ ಕೇಳಿ ಬರ್ರಿ" ಎನ್ನುತ್ತಿದ್ದೆ. ನನ್ನ ಬಾಯಿ ಸ್ವಲ್ಪ ಹರಿತ ಎಂದು ಎಲ್ಲರೂ ಹೇಳುತ್ತಾರೆ. ಇರಬಹುದು.

ಇಲ್ಲಿ ದೆವ್ವಕ್ಕಿಂತ ಮೊದಲು ಒಂದು ಸಂಖ್ಯೆಯ ಪರಿಚಯ ಆಗಬೇಕು. ಗಾಬರಿಯಾಗಬೇಡಿ, ಮಗ್ಗಿ ಬಂದರೆ ಸಾಕು. ಆ ಸಂಖ್ಯೆ 153. ಯಾವುದೇ ಅಂಕಿಯನ್ನು ಮೂರು ಸಲ ಇಟ್ಟು ಗುಣಿಸಿದರೆ ಬರುವುದಕ್ಕೆ ಘನ ಎನ್ನುತ್ತೇವೆ. ಒಂದರ ಘನ ಒಂದು. ಐದರ ಘನ 125. ಮೂರರ ಘನ 27. ಈ ಮೂರನ್ನೂ ಕೂಡಿಸಿ, ಮತ್ತೆ 153 ಬರುತ್ತದೆ. ಅಂದರೆ ಈ ಸಂಖ್ಯೆಯನ್ನು ಬಿಚ್ಚಿ ಹಾಕಿದರೂ ಅದು ತನ್ನನ್ನೇ ಕಟ್ಟಿಕೊಳ್ಳುತ್ತದೆ. ಒಂದರಿಂದ ಹದಿನೇಳರವರೆಗೆ ಎಲ್ಲವನ್ನೂ ಕೂಡಿಸಿದರೂ 153 ಬರುತ್ತದೆ ಎಂಬುದು ಇನ್ನೊಂದು ಚೆಂದ. ಆದರೆ ಮಕ್ಕಳು ಬಾಯಿ ಬಿಟ್ಟು ನೋಡುವುದು ಮೂರನೆಯದನ್ನು. ಮೂರರ ಮಗ್ಗಿಯಲ್ಲಿ ಬರುವ ಯಾವ ಸಂಖ್ಯೆಯನ್ನಾದರೂ ತೆಗೆದುಕೊಳ್ಳಿ. ಅದರ ಅಂಕಿಗಳ ಘನ ಮಾಡಿ ಕೂಡಿಸಿ. ಬಂದ ಉತ್ತರಕ್ಕೆ ಮತ್ತೆ ಹಾಗೇ ಮಾಡಿ. ಮಾಡುತ್ತಲೇ ಹೋಗಿ. ಎಲ್ಲಿಂದ ಹೊರಟರೂ ಕಡೆಗೆ 153ಕ್ಕೇ ಬಂದು ನಿಲ್ಲುತ್ತೀರಿ, ಅಲ್ಲಿಂದ ಮುಂದೆ ಹೋಗಲಾರಿರಿ. 12ರಿಂದ ಹೊರಟರೆ 9, ಆಮೇಲೆ 729, 1080, 513, ಕೊನೆಗೆ 153. ಇದರಲ್ಲಿ ಪವಾಡ ಏನೂ ಇಲ್ಲ. ದೊಡ್ಡ ಸಂಖ್ಯೆಗಳು ಬೇಗ ಸಣ್ಣವಾಗುತ್ತವೆ, ಮೂರರ ಗುಣ ಮಾತ್ರ ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಹಾಗೇ ಉಳಿಯುತ್ತದೆ, ಉಳಿದ ಸಣ್ಣ ಸಂಖ್ಯೆಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ಆಯಿತು. ಬೋರ್ಡಿನ ಮೇಲೆ ಸಾಧಿಸಿ ತೋರಿಸಬಹುದಾದದ್ದನ್ನು ಮಾತ್ರ ನಂಬುವ ಹೆಂಗಸು ನಾನು.

ನಮ್ಮ ಮನೆಯವರು ಬಸ್ಸಿನ ಕಂಡಕ್ಟರ್ ಆಗಿದ್ದವರು. ಮುಂಡಗೋಡ, ಮಳಗಿ ಕಡೆಯ ಬಸ್ಸಿನಲ್ಲಿ ಬಹಳ ವರ್ಷ ದುಡಿದರು. ಬಾಯಿಲೆಕ್ಕದಲ್ಲಿ ಅವರನ್ನು ಮೀರಿಸುವವರಿಲ್ಲ. ಟಿಬೆಟನ್ ಕಾಲೊನಿಯ ಲಾಮಾಗಳು ಕಿಟಕಿಯ ಬದಿ ಜಪಮಣಿ ತಿರುವುತ್ತ ಕೂತರೆ, ಇವರು ನಿಂತಲ್ಲೇ ನನ್ನ 153ರ ಆಟ ಆಡುತ್ತಿದ್ದರಂತೆ. ಎದುರು ಬಂದ ಲಾರಿಯ ನಂಬರು ಮೂರರ ಮಗ್ಗಿಯದಾಗಿದ್ದರೆ ಅದನ್ನು ತಗೊಂಡು, ಮುಂದಿನ ಸ್ಟಾಪ್ ಬರುವುದರೊಳಗೆ 153 ಮುಟ್ಟುವುದು. ಮನೆಗೆ ಬಂದು, "ಇವತ್ತ ಒಂದ್ ನಂಬರ ಭಾಳ ಕಾಡಿತ್ರಿ ಅಕ್ಕೋರ" ಎನ್ನುತ್ತಿದ್ದರು. ನಮ್ಮ ಕಡೆ ಟೀಚರಿಗೆ ಅಕ್ಕೋರು ಎನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ಚಾಷ್ಟಿಗೆ, ಬರೀ ತಮಾಷೆಗೆ ಶುರುವಾದದ್ದು ಹಾಗೇ ಉಳಿಯಿತು, ಹೆಸರು ಹಿಡಿದು ನನ್ನನ್ನು ಕರೆದದ್ದೇ ಕಡಿಮೆ.

ನಾಲ್ಕೈದು ವರ್ಷದ ಹಿಂದಿನ ಮಾತು. ಅವರಿಗೆ ಮಂಡಿನೋವು. ಜೋಯಿಡಾದ ಆಚೆ ಕಾಡಿನೊಳಗೆ ಒಂದು ಹಳ್ಳಿಯಲ್ಲಿ ನಾಟಿ ಔಷಧ ಕೊಡುವ ಅಜ್ಜ ಇದ್ದಾನೆಂದು ಯಾರೋ ಕಿವಿಯಲ್ಲಿ ಊದಿದರು. "ಸೊಪ್ಪು ಅರದ್ ಹಚ್ಚಿದ್ರ ಎಲುಬು ಸರಿ ಆಗ್ತಾವ?" ಎಂದು ನಾನು ರೇಗಿದೆ. ರೇಗಿದರೂ ಸ್ಕೂಟರ್ ಹತ್ತಿದೆ, ಒಬ್ಬರನ್ನೇ ಕಳಿಸುವ ಧೈರ್ಯ ಇರಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಚುಚ್ಚಿಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಉಣ್ಣದಿದ್ದರೆ ರಕ್ತದ ಸಕ್ಕರೆ ಕೆಳಗಿಳಿದು ಮೈ ಬೆವರಿ, ನಾಲಿಗೆ ತೊದಲಿ, ಎಚ್ಚರ ತಪ್ಪುತ್ತದೆ. ತಡವಾದರೆ ಜೀವಕ್ಕೇ ಸಂಚಕಾರ. ಮನೆಯಲ್ಲಿ ಒಂದು ಸಲ ಹಾಗೆ ಆಗಿತ್ತು. ಅವತ್ತು ಅದರ ಸುಳಿವು ಸಿಕ್ಕಿದ್ದು ಲೆಕ್ಕದಿಂದಲೇ. ಏಳು ಎಂಟ್ಲೆ ಎಷ್ಟು ಎಂದರೆ ನನ್ನ ಮುಖ ನೋಡುತ್ತ ಕೂತುಬಿಟ್ಟಿದ್ದರು.

ಡಾಂಬರು ರಸ್ತೆಯ ಪಕ್ಕ ಸ್ಕೂಟರ್ ನಿಲ್ಲಿಸಿ ಕಾಲುದಾರಿ ಹಿಡಿದೆವು. ಬುತ್ತಿ, ನೀರು, ಬಿಸ್ಕಿಟ್ಟು ಎಲ್ಲ ಡಿಕ್ಕಿಯಲ್ಲಿತ್ತು. ತಗೊಳ್ಳೋಣ ಎಂದೆ. "ಅರ್ಧ ತಾಸಿನ ಕೆಲಸಕ್ಕ ಗಂಟು ಹೊತ್ಕೊಂಡ್ ಹೋಗೂದ ಏನು, ಬಾ" ಎಂದು ಅವರು ಮುಂದೆ ನಡೆದೇಬಿಟ್ಟರು. ಹಳ್ಳಿ ಸಿಕ್ಕಿತು, ಅಜ್ಜ ಸಿಗಲಿಲ್ಲ. ಯಾವುದೋ ಊರಿಗೆ ಹೋಗಿದ್ದ, ಈಗ ಬಂದಾನು ಆಗ ಬಂದಾನು ಎಂದು ಅವನ ಹೆಂಡತಿ ಕೂರಿಸಿಕೊಂಡಳು. ಕರಿ ಚಹಾ ಕೊಟ್ಟಳು. ಸಕ್ಕರೆ ಹಾಕಬೇಡ ಎಂದು ನಾನೇ ಹೇಳಿದೆ. ಕಾದು ಕಾದು ಸಾಕಾಗಿ, ಊಟದ ಹೊತ್ತು ಮೀರಿತೆಂದು ನಾನು ಚಡಪಡಿಸತೊಡಗಿದ ಮೇಲೆ ಎದ್ದೆವು.

ಬಂದ ದಾರಿಯಲ್ಲೇ ಹೊರಟೆವು ಎಂದು ನಾನು ಇವತ್ತಿಗೂ ಆಣೆ ಮಾಡಬಲ್ಲೆ. ಬಿದಿರುಮೆಳೆ ದಾಟಿದೆವು, ಒಂದು ಹುತ್ತ ದಾಟಿದೆವು, ಇಳಿಜಾರಿನಲ್ಲಿ ಒಣಗಿದ ಹಳ್ಳ ಬಂತು. ಹಳ್ಳದ ದಂಡೆಯಲ್ಲಿ ಸಪಾಟಾದ ಒಂದು ಬಂಡೆ, ಅದರ ಮೇಲೆ ಬಾಗಿ ನಿಂತ ಮತ್ತಿಮರ. ಬರುವಾಗ ಈ ಬಂಡೆ ನೋಡಿದ ನೆನಪು ಇಬ್ಬರಿಗೂ ಇರಲಿಲ್ಲ. ಎಡಕ್ಕೆ ಹೋದೆವು. ಸ್ವಲ್ಪ ಹೊತ್ತಿಗೆ ಎದುರಿಗೆ ಅದೇ ಬಂಡೆ. ಬಲಕ್ಕೆ ಹೋದೆವು, ಮತ್ತೆ ಅದೇ ಬಂಡೆ. ಹಳ್ಳವನ್ನೇ ಹಿಡಿದು ನಡೆದರೂ ಹಳ್ಳ ಎಲ್ಲೋ ತಿರುಗಿ ನಮ್ಮನ್ನು ತಂದು ಅಲ್ಲೇ ಬಿಟ್ಟಿತು. ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ನಕಾಶೆಯಲ್ಲಿ ಹಸಿರು ಬಯಲಿನ ನಡುವೆ ಒಂದು ನೀಲಿ ಚುಕ್ಕೆ, ಅಷ್ಟೇ.

"ಇದು ನಿನ್ನ ನೂರಾ ಐವತ್ಮೂರು ಆತಲ್ಲೇ ಮಾರಾಯ್ತಿ! ಎಲ್ಲಿಂದ ಹೊಂಟ್ರೂ ಇಲ್ಲೇ ಬರ್ತೇವಿ" ಎಂದು ನಮ್ಮ ಮನೆಯವರು ನಕ್ಕರು. ನಾನು ನಗಲಿಲ್ಲ. ಅವರು ಸಾಂಬ್ರಾಣಿ ಎಂಬ ಊರಿನ ಕಡೆಯ ಹಳ್ಳಿಯಲ್ಲಿ ಬೆಳೆದವರು, ಅಡವಿಯ ಅಂಚಿನ ಹೊಲ. ದಾರಿ ತಪ್ಪಿಸುವ ಬಳ್ಳಿ ಅಂತ ಒಂದು ಇರುತ್ತದಂತೆ, ಅದನ್ನು ತುಳಿದರೆ ಸುತ್ತಿದಲ್ಲೇ ಸುತ್ತಬೇಕಂತೆ, ಅಂಗಿ ತಿರುವಿ ಹಾಕಿಕೊಂಡರೆ ಬಿಡುತ್ತದಂತೆ. ಹೇಳುತ್ತ ಹೇಳುತ್ತ ಅಂಗಿ ಬಿಚ್ಚಿ ತಿರುವಿ ಹಾಕಿಕೊಂಡೇಬಿಟ್ಟರು. ಹೊಲಿಗೆ, ಕಿಸೆ ಎಲ್ಲ ಹೊರಗೆ. "ನಾಚಿಕಿ ಆಗೂದಿಲ್ಲೇನ್ರಿ, ಈ ವಯಸ್ಸಿನ್ಯಾಗ ಏನ್ ಅವತಾರ ಇದು!" ಎಂದು ಬೈದೆ. ಬೈಯುತ್ತಿರುವಾಗಲೇ ಅವರ ಹಣೆ ಕಂಡಿತು. ಮಾಗಿಯ ಚಳಿಯಲ್ಲಿ ನಾನು ಸೆರಗು ಹೊದ್ದಿದ್ದೆ, ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು. ಗುಂಡಿ ಹಾಕಿಕೊಳ್ಳುವ ಬೆರಳು ನಡುಗುತ್ತಿದ್ದವು.

ಬಾಯಿಗೆ ಹಾಕಲು ಏನೂ ಇಲ್ಲ. ಸುತ್ತಮುತ್ತ ಒಂದು ಕಾಡುಹಣ್ಣೂ ಕಾಣಲಿಲ್ಲ. ನಡೆಸಿಕೊಂಡು ಹೋದರೆ ಇದ್ದ ಸಕ್ಕರೆಯೂ ಕರಗುತ್ತದೆ. ಕೂತರೆ ಯಾರೂ ಬರುವುದಿಲ್ಲ. ಬಂಡೆಯ ಮೇಲೆ ಅವರನ್ನು ಮತ್ತಿಮರಕ್ಕೆ ಒರಗಿಸಿ ಕೂರಿಸಿದೆ. ರಸ್ತೆ ಸಿಗುತ್ತದೋ ನೋಡಿ ಬರುತ್ತೇನೆ, ನಿಮ್ಮ ದನಿ ಕೇಳುವಷ್ಟು ದೂರ ಮಾತ್ರ ಹೋಗುತ್ತೇನೆ, ನಾನು ಕೂಗಿದಾಗಲೆಲ್ಲ ಉತ್ತರ ಕೊಡುತ್ತಿರಿ ಎಂದೆ.

"ಹೆಸರ ಹಿಡದ್ ಕೂಗಬ್ಯಾಡ ಮತ್ತ" ಎಂದರು.

ಇದು ಬಳ್ಳಿಗಿಂತ ಗಟ್ಟಿಯಾದ ನಂಬಿಕೆ. ನಮ್ಮ ಸೀಮೆಯಲ್ಲಿ ಅಡವಿಗೆ ಹೋದವರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ. ಕಟ್ಟಿಗೆಗೆ ಹೋದ ಹೆಂಗಸರು ಕೂ ಎಂದು ಕೂಗುತ್ತಾರೆ, ಆ ಕಡೆಯಿಂದ ಕೂ ಎಂಬ ಉತ್ತರ ಬರುತ್ತದೆ. ಹೆಸರು ಕೂಗಿದರೆ ಬೇರೆ ಯಾವುದೋ ಅದನ್ನು ಕೇಳಿಸಿಕೊಳ್ಳುತ್ತದಂತೆ. ಅವರ ಹೆಸರನ್ನು ನಾನು ಮನೆಯಲ್ಲೇ ಹೇಳುವವಳಲ್ಲ, ಅಡವಿಯಲ್ಲಿ ಯಾಕೆ ಹೇಳಲಿ? ಆದರೆ ಬರೀ ಕೂ ಎನ್ನುವುದರಿಂದ ನನಗೆ ಉಪಯೋಗ ಇರಲಿಲ್ಲ. ಎಚ್ಚರ ತಪ್ಪುತ್ತಿರುವ ಮನುಷ್ಯನೂ ಕೂ ಎನ್ನಬಹುದು. ಅವರ ತಲೆ ಸರಿ ಇದೆಯೋ ಇಲ್ಲವೋ ನನಗೆ ತಿಳಿಯಬೇಕಿತ್ತು. ಹಾಗಾಗಿ ನಮ್ಮ ಆಟವನ್ನೇ ಆಡೋಣ ಎಂದೆ. ನಾನು ಒಂದು ಸಂಖ್ಯೆ ಕೂಗುತ್ತೇನೆ, ನೀವು ಘನ ಕೂಡಿಸಿ ಮುಂದಿನದು ಹೇಳಿ, ಅದರ ಮುಂದಿನದು ನಾನು, ಮತ್ತೆ ನೀವು. ಉತ್ತರ ತಪ್ಪಿದ ಕೂಡಲೇ ಓಡಿ ಬರುತ್ತೇನೆ.

"ಪರೀಕ್ಷಾ ಚಾಲೂ ಆತಪ್ಪಾ" ಎಂದು ಕಣ್ಣು ಮುಚ್ಚಿದರು.

ಮರಗಳ ಸಂದಿಯಲ್ಲಿ ಸ್ವಲ್ಪ ಬೆಳಕು ಕಂಡ ಕಡೆ ಹೊರಟೆ. ಕೆಳಗೆ ಒಣ ಎಲೆ, ಇಟ್ಟ ಹೆಜ್ಜೆಗೆಲ್ಲ ಸದ್ದು. "ಎಪ್ಪತ್ತೈದು!" ಎಂದು ಕೂಗಿದೆ. "ನಾನೂರಾ ಅರವತ್ತೆಂಟು" ಎಂದರು. "ಏಳುನೂರಾ ತೊಂಬತ್ತೆರಡು!" "ಸಾವಿರದ ಎಂಬತ್ತು." "ಐನೂರಾ ಹದಿಮೂರು!" "ನೂರಾ ಐವತ್ಮೂರು. ಮುಟ್ಟಿದ್ವಿ ನೋಡ್ರಿ ಅಕ್ಕೋರ!" ಜೀವ ಬಂದಂತಾಯಿತು. ತಲೆ ಓಡುತ್ತಿದೆ, ಚಾಷ್ಟಿಯೂ ಉಳಿದಿದೆ. ಇನ್ನಷ್ಟು ಮುಂದೆ ನಡೆದೆ.

ಎರಡನೆಯ ಸಲ ಬೇಕೆಂದೇ ಉದ್ದದ ಲೆಕ್ಕ ತೆಗೆದುಕೊಂಡೆ. ಆರು. ಆರರಿಂದ ಹೊರಟರೆ 153 ಮುಟ್ಟಲು ಬಹಳ ಹೊತ್ತು ಬೇಕು, ಅಷ್ಟು ಹೊತ್ತು ಅವರು ಎಚ್ಚರ ಇರುತ್ತಾರೆ. ನಾನು ಆರು ಎಂದೆ, ಇನ್ನೂರ ಹದಿನಾರು ಎಂಬ ಉತ್ತರ ಬಂತು. ಇನ್ನೂರ ಇಪ್ಪತ್ತೈದು ಎಂದೆ, ನೂರ ನಲವತ್ತೊಂದು. ಅರವತ್ತಾರು ಎಂದೆ, ನಾನೂರ ಮೂವತ್ತೆರಡು. ತೊಂಬತ್ತೊಂಬತ್ತು ಎಂದೆ, ಸಾವಿರದ ನಾನೂರ ಐವತ್ತೆಂಟು. ಏಳುನೂರ ಎರಡು, ಮುನ್ನೂರ ಐವತ್ತೊಂದು. "ನೂರಾ ಐವತ್ಮೂರು!" ಎಂದು ನಾನೇ ಮುಗಿಸಿದೆ. ಒಂದೂ ತಪ್ಪಿಲ್ಲ, ತಡವೂ ಇಲ್ಲ. ದನಿ ಅವರದೇ, ಸ್ವಲ್ಪ ಮೂಗಿನಿಂದ ಬರುವ ದನಿ, ಬಸ್ಸಿನ ಹಿಂದಿನ ಬಾಗಿಲಿನಿಂದ ಮುಂದಿನ ಸೀಟಿಗೆ ಮುಟ್ಟುವ ಹಾಗೆ ಎಳೆದು ಹೇಳುವ ರೀತಿ. ನನಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ಎಷ್ಟು ದೂರ ಬಂದರೂ ದನಿ ಸಣ್ಣದಾಗುತ್ತಿಲ್ಲವಲ್ಲ ಎಂದು ಮಾತ್ರ ಒಮ್ಮೆ ಅನಿಸಿತು. ಅಡವಿ ನಿಶ್ಶಬ್ದವಾಗಿದೆ, ಅದಕ್ಕೇ ಇರಬೇಕು ಎಂದುಕೊಂಡೆ.

ಬೆಳಕು ಕಂಡ ಕಡೆ ರಸ್ತೆ ಇರಲಿಲ್ಲ, ಬಿದ್ದ ದೊಡ್ಡ ಮರದಿಂದಾದ ಖಾಲಿ ಜಾಗ ಇತ್ತು. ಅದರಾಚೆ ಇಳಿಜಾರು, ಮತ್ತಷ್ಟು ದಟ್ಟವಾದ ಕಾಡು. ಇಳಿಯೋಣವೇ ಬೇಡವೇ ಎಂದು ನಿಂತೆ. ಹೊತ್ತು ಇಳಿಯುತ್ತಿತ್ತು, ಇದು ಕರಡಿ ಓಡಾಡುವ ಕಾಡು. ನಿಂತಲ್ಲಿಂದಲೇ "ಎಂಬತ್ತೇಳು!" ಎಂದು ಕೂಗಿದೆ.

"ಎಂಟುನೂರಾ ಐವತ್ತೈದು."

"ಏಳುನೂರಾ ಅರವತ್ತೆರಡು!"

"ಐನೂರಾ ಅರವತ್ತೇಳು."

ಐದರ ಘನ 125, ಆರರದು 216, ಏಳರದು 343. ಇಳಿಜಾರಿಗೆ ಒಂದು ಕಾಲು ಇಟ್ಟುಕೊಂಡೇ ಕೂಡಿಸಿ, "ಆರುನೂರಾ ಎಪ್ಪತ್ನಾಕು!" ಎಂದೆ.

ಈಗ ಅವರು 674ರ ಘನ ಕೂಡಿಸಿ ಹೇಳಬೇಕು. ಬಂದ ಉತ್ತರ, "ಆರುನೂರಾ ಎಂಬತ್ನಾಕು."

ಅದು ಮುಂದಿನ ಸಂಖ್ಯೆ ಅಲ್ಲ, ನಾನು ಹೇಳಿದ್ದನ್ನೇ ತಪ್ಪಾಗಿ ಹೇಳುತ್ತಿದ್ದಾರೆ ಎಂದು ತಿಳಿದು, ಕ್ಲಾಸಿನಲ್ಲಿ ಗದರುವ ಹಾಗೆ, "ಎಪ್ಪತ್ನಾಕ್ರೀ! ಆರುನೂರಾ ಎಪ್ಪತ್ನಾಕು!" ಎಂದು ಕಿರುಚಿದೆ.

"ಆರುನೂರಾ ಎಂಬತ್ನಾಕು" ಎಂದಿತು ದನಿ. ಸಿಟ್ಟಿಲ್ಲ, ನಗೆ ಇಲ್ಲ, ಅವಸರ ಇಲ್ಲ.

ಮುಗಿಯಿತು, ಅವರ ತಲೆ ಜಾರುತ್ತಿದೆ. ಇಳಿಜಾರು ಬಿಟ್ಟು ತಿರುಗಿ ದನಿ ಬಂದ ಕಡೆಗೆ ಓಡಿದೆ. ಓಡುತ್ತ "ಬಂದೆ, ಬಂದೆ, ಮಲಗಬ್ಯಾಡ್ರಿ" ಎಂದು ಕೂಗುತ್ತಿದ್ದೆ. ಸೀರೆ ಮುಳ್ಳಿಗೆ ಸಿಕ್ಕಿ ಹರಿಯಿತು. ಬಂಡೆ ಈಗ ಬಂದೀತು, ಈಗ ಬಂದೀತು ಎಂದು ಓಡಿದರೆ, ಮರಗಳು ಥಟ್ಟನೆ ಮುಗಿದು ಕೆಂಪು ಮಣ್ಣಿನ ಗಾಡಿದಾರಿಗೆ ಬಂದು ಬಿದ್ದೆ.

ದಾರಿಯಲ್ಲಿ ಒಬ್ಬ ಹೆಂಗಸು ಕಟ್ಟಿಗೆ ಹೊರೆ ಕೆಳಗಿಟ್ಟು, ಕಾಡಿನ ಕಡೆ ಮುಖ ಮಾಡಿ, ಅಲುಗಾಡದೆ ನಿಂತಿದ್ದಳು. ಸಿದ್ದಿ ಹೆಣ್ಣುಮಗಳು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಹೆಸರು ರೋಸಿಬಾಯಿ ಎಂದು ಆಮೇಲೆ ತಿಳಿಯಿತು. ನನ್ನನ್ನು ಕಂಡು ಎದೆಯ ಮೇಲೆ ಶಿಲುಬೆ ಬರೆದುಕೊಂಡಳು.

"ಫಾರೆಸ್ಟಿನವ್ರು ಮರ ಅಳ್ಯಾಕ ಹತ್ತ್ಯಾರಂತ ತಿಳದಿದ್ನೆವ್ವಾ. ಗಂಡಸು ಇಲ್ಲೇ ನಿಂತು ನಂಬರ ಹೇಳಾಕತ್ತಿದ್ದ, ನೀ ಅಲ್ಲಿಂದ ಕೂಗಾಕತ್ತಿದ್ದಿ" ಎಂದಳು. ಮರ ಅಳೆಯುವಾಗ ಒಬ್ಬ ಟೇಪು ಹಿಡಿದು ಅಳತೆ ಕೂಗುತ್ತಾನೆ, ಇನ್ನೊಬ್ಬ ಅದನ್ನೇ ತಿರುಗಿ ಹೇಳಿ ಬರೆದುಕೊಳ್ಳುತ್ತಾನೆ. ಹಾಗೇ ಕೇಳಿಸಿತಂತೆ. ಅವಳು ಬೆರಳು ತೋರಿಸಿದ ಕಡೆ ನೋಡಿದೆ. ದಾರಿಯ ಪಕ್ಕದಲ್ಲೇ ನಾಲ್ಕಾರು ಎಳೆ ಸಾಗವಾನಿ ಮರ. ಒಬ್ಬ ಮನುಷ್ಯ ಅಡಗಿ ನಿಲ್ಲುವಷ್ಟು ದಪ್ಪದ್ದು ಒಂದೂ ಇರಲಿಲ್ಲ.

ವಿಚಾರ ಮಾಡುವ ಹೊತ್ತಲ್ಲ ಅದು. ಬಾಗಿದ ಮತ್ತಿಮರ, ಹಳ್ಳ, ಸಪಾಟು ಬಂಡೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವಳಿಗೆ ಜಾಗ ಗೊತ್ತಿತ್ತು. "ಅದು ಈ ಕಡೆ ಅಲ್ಲ, ಆ ಕಡೆ ಐತಿ" ಎಂದು, ನಾನು ಓಡಿ ಬಂದ ದಿಕ್ಕನ್ನು ಬಿಟ್ಟು ಪೂರಾ ಬೇರೆ ದಿಕ್ಕಿಗೆ ನನ್ನ ಕೈಹಿಡಿದು ಎಳೆದುಕೊಂಡು ಹೋದಳು.

ಅವರು ಮರದಿಂದ ಜಾರಿ ಬಂಡೆಯ ಮೇಲೆ ಅಡ್ಡ ಬಿದ್ದಿದ್ದರು. ತಿರುವಿ ಹಾಕಿದ ಅಂಗಿ ತೊಯ್ದು ಮೈಗೆ ಅಂಟಿತ್ತು. ಹಲ್ಲು ಕಚ್ಚಿಕೊಂಡಿದ್ದರು, ಮೈ ತಣ್ಣಗೆ. ಕೆಂಪು ಚಿಗಳಿ ಇರುವೆ ಸಾಲುಗಟ್ಟಿ ಕುತ್ತಿಗೆಯಿಂದ ಮುಖದ ಮೇಲೆ ಹಾದು ಹೋಗುತ್ತಿದ್ದವು. ತುಟಿಯನ್ನು ಕಚ್ಚಿ ಕಚ್ಚಿ ಬಾತುಹೋಗುವಂತೆ ಮಾಡಿದ್ದವು. ಚಿಗಳಿ ಒಂದು ಕಚ್ಚಿದರೆ ಮಲಗಿದ ಮನುಷ್ಯ ಎದ್ದು ಕುಣಿಯುತ್ತಾನೆ. ಇವರಿಗೆ ತಿಳಿದೇ ಇರಲಿಲ್ಲ. ನಾನು ಅಳುತ್ತ ಇರುವೆ ಒರೆಸಿದೆ. ರೋಸಿಬಾಯಿ ಸೊಂಟದ ಸಂಚಿಯಿಂದ ಬೆಲ್ಲದ ತುಂಡು ತೆಗೆದು, ಉಗುಳಿನಲ್ಲಿ ಮೆತ್ತಗೆ ಮಾಡಿ, ಅವರನ್ನು ಮಗ್ಗುಲಿಗೆ ತಿರುಗಿಸಿ ವಸಡಿಗೆ ತಿಕ್ಕಿದಳು. ತಿಕ್ಕುತ್ತಲೇ ಇದ್ದಳು. ಬಹಳ ಹೊತ್ತಿನ ಮೇಲೆ ಕಣ್ಣೆವೆ ಅದುರಿತು. ಆಮೇಲೆ ಅವಳು ಓಡಿ ಹೋಗಿ ಅಳಿಯನನ್ನೂ ಅವನ ಟೆಂಪೋವನ್ನೂ ಕರೆದುಕೊಂಡು ಬಂದಳು. ಜೋಯಿಡಾದ ಆಸ್ಪತ್ರೆಯಲ್ಲಿ ಗ್ಲುಕೋಸ್ ಏರಿಸಿದ ಮೇಲೆ ಅವರು ಕಣ್ಣು ಬಿಟ್ಟು ಮೊದಲು ಆಡಿದ ಮಾತು, "ನನ್ನ ಅಂಗಿ ಯಾಕ ಉಲ್ಟಾ ಐತಿ?"

ನಾನು ಹೊರಗಿನ ಬೆಂಚಿಗೆ ಬಂದು ಕೂತು ಬಿಕ್ಕಿ ಬಿಕ್ಕಿ ಅತ್ತೆ. ಅತ್ತು ಹಗುರಾದ ಮೇಲೆ, ಹಾಳು ಸ್ವಭಾವ ಎಲ್ಲಿ ಬಿಡುತ್ತದೆ, ಆ ತಪ್ಪಿದ ಲೆಕ್ಕ ನೆನಪಾಯಿತು. ಬೆರಳಿನಲ್ಲೇ ತೊಡೆಯ ಮೇಲೆ ಬರೆಯುತ್ತ ಮತ್ತೆ ಮಾಡಿದೆ. 125 ಮತ್ತು 216 ಸೇರಿದರೆ 341. ಅದಕ್ಕೆ 343. ಒಟ್ಟು 684. ಮತ್ತೊಮ್ಮೆ ಮಾಡಿದೆ, 684. ತಪ್ಪಿದವಳು ನಾನು. 674 ಮೂರರ ಮಗ್ಗಿಯಲ್ಲೇ ಬರುವುದಿಲ್ಲ. ಅದನ್ನು ಹಿಡಿದು ಹೊರಟಿದ್ದರೆ ಜನ್ಮದಲ್ಲಿ 153 ಸಿಗುತ್ತಿರಲಿಲ್ಲ, 371 ಎಂಬ ಇನ್ನೊಂದು ಹೊಂಡದಲ್ಲಿ ಹೋಗಿ ಬೀಳುತ್ತಿದ್ದೆವು. ಆ ದನಿ ನನ್ನನ್ನು ತಿದ್ದಿತ್ತು.

ಡಾಕ್ಟರು ಚಿಕ್ಕ ವಯಸ್ಸಿನವರು, ತಾಳ್ಮೆಯಿಂದ ಕೇಳಿದರು. ಸಕ್ಕರೆ ಇಳಿದವರು ಎಚ್ಚರ ಇಲ್ಲದೆಯೂ ಮಾತಾಡುತ್ತಾರೆ, ಆಮೇಲೆ ನೆನಪಿರುವುದಿಲ್ಲ ಎಂದರು. ಹಾಗಾದರೆ ಆ ಸ್ಥಿತಿಯಲ್ಲಿ ಎಂಟರ ಘನ, ಏಳರ ಘನ ಕೂಡಿಸಲು ಆಗುತ್ತದೆಯೇ ಎಂದೆ. "ನನಗ ಈಗ ಸರಿ ಇದ್ದಾಗ್ಲೂ ಆಗೂದಿಲ್ರಿ ಮೇಡಂ" ಎಂದು ನಕ್ಕರು. ಇಲ್ಲವೇ ಗಾಬರಿಯಲ್ಲಿ ನಿಮ್ಮ ಮನಸ್ಸೇ ಎರಡೂ ಪಾಲು ಹೇಳಿಕೊಂಡಿರಬೇಕು ಎಂದರು. ನಾನು ಇದನ್ನು ಒಪ್ಪಲು ಎಷ್ಟು ಪ್ರಯತ್ನ ಮಾಡಿದ್ದೇನೆ! ಒಪ್ಪಿದರೆ ನಿದ್ದೆ ಬರುತ್ತದೆ. ಆದರೆ ದನಿ ನನ್ನ ಮನಸ್ಸಿನದಾಗಿದ್ದರೆ ನನ್ನ ತಪ್ಪನ್ನೂ ತನ್ನದೇ ಎಂದುಕೊಂಡು ಮುಂದೆ ಹೋಗಬೇಕಿತ್ತಲ್ಲ? ನಾನು ಗಟ್ಟಿಯಾಗಿ ಜಗಳಾಡಿದರೂ ಅದು ಜಗ್ಗಲಿಲ್ಲ. ಮನಸ್ಸಿನ ಒಂದು ಮೂಲೆಗೆ ಸರಿ ಉತ್ತರ ಗೊತ್ತಿತ್ತು ಎನ್ನಬಹುದು. ಸರಿ, ಹಾಗಾದರೆ ನನ್ನ ಮನಸ್ಸಿನ ಮೂಲೆಯಲ್ಲಿದ್ದದ್ದು ಗಾಡಿದಾರಿಯಲ್ಲಿ ನಿಂತ ರೋಸಿಬಾಯಿಗೆ ಹೇಗೆ ಕೇಳಿಸಿತು? ಅವತ್ತು ಆ ಕಡೆ ಮರ ಅಳೆಯಲು ಯಾರೂ ಬಂದಿರಲಿಲ್ಲ. ವಿಚಾರಿಸಿದ್ದೇನೆ.

ನಮ್ಮ ಮನೆಯವರಿಗೆ ಮೊದಲ ಲೆಕ್ಕ ಮಾತ್ರ ನೆನಪಿದೆ. 153 ಮುಟ್ಟಿದ್ದು, ನನ್ನನ್ನು ಚಾಷ್ಟಿ ಮಾಡಿದ್ದು, ಆಮೇಲೆ ಹಿತವಾಗಿ ನಿದ್ದೆ ಬಂದದ್ದು. ಆರು ಎಂದು ಕೂಗಿದ್ದು ಕೇಳಿಸಲೇ ಇಲ್ಲ ಎನ್ನುತ್ತಾರೆ. ಯೋಚಿಸಿದರೆ, ಎರಡನೆಯ ಲೆಕ್ಕದಿಂದ ಆಚೆಗೆ ಆ ದನಿ ಒಮ್ಮೆಯೂ ಅಕ್ಕೋರ ಎನ್ನಲಿಲ್ಲ. ಬರೀ ಅಂಕಿ ಹೇಳುತ್ತಿತ್ತು.

ಒಂದು ತಿಂಗಳು ಕಳೆದ ಮೇಲೆ ಸೀರೆ, ಸಿಹಿ ತಗೊಂಡು ರೋಸಿಬಾಯಿಯ ಮನೆಗೆ ಹೋದೆವು. ಅಂಗಳದಲ್ಲಿ ಕೂತು ಎಲ್ಲವನ್ನೂ ಬಿಡಿಸಿ ಹೇಳಿದೆ, ಹೆಸರು ಕೂಗಬಾರದೆಂದೇ ಲೆಕ್ಕ ಕೂಗಿದೆವು ಎಂದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಹೆಸರಂದ್ರ ಅಷ್ಟ ಅಲ್ರಿ ಅಕ್ಕೋರ. ಏನ್ ಕೂಗ್ತೀರಿ ಅದನ್ನ ಕಲೀತೈತಿ ಅದು. ಹೆಸರ ಕೂಗಿದ್ರ ಹೆಸರ ಕಲೀತೈತಿ. ನೀವು ಲೆಕ್ಕ ಕಲಿಸಿ ಬಂದೀರಿ" ಎಂದಳು.

ನಾನು ನಕ್ಕೆ. ಅವಳು ನಗಲಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ, ನನ್ನನ್ನು ದಾರಿಗೆ ತಂದು ಬಿಟ್ಟಿತಲ್ಲ ಎಂದು ಕೇಳಿದೆ. "ನನಗೇನ್ ಗೊತ್ರಿ? ನಾ ಅದರ ಜೋಡಿ ಮಾತಾಡಿಲ್ಲ, ನೀವು ಮಾತಾಡೀರಿ" ಎಂದು ಮೊರ ಕೈಗೆತ್ತಿಕೊಂಡಳು.

ಈಗಲೂ ಶಾಲೆಯಲ್ಲಿ 153ರ ಪಾಠ ಮಾಡುತ್ತೇನೆ. ಗಣಿತಕ್ಕೆ ಏನೂ ಆಗಿಲ್ಲ, ಅದು ಮೊದಲು ಎಷ್ಟು ಗಟ್ಟಿ ಇತ್ತೋ ಅಷ್ಟೇ ಗಟ್ಟಿ ಇದೆ. ಸ್ಟಾಫ್ ರೂಮಿನಲ್ಲಿ ದೆವ್ವದ ಸುದ್ದಿ ಬಂದರೆ ಸುಮ್ಮನೆ ಉಣ್ಣುತ್ತೇನೆ, ಅಷ್ಟೇ ವ್ಯತ್ಯಾಸ. ಅವತ್ತು ಇಳಿಜಾರಿನಲ್ಲಿ ಇಳಿದುಬಿಟ್ಟಿದ್ದರೆ ನಮ್ಮಿಬ್ಬರ ಗತಿ ಏನಾಗುತ್ತಿತ್ತೋ ಎಂದು ಯೋಚಿಸಿದಾಗ ಆ ದನಿಗೆ ಕೈಮುಗಿಯಬೇಕು ಅನಿಸುತ್ತದೆ. ಇರುವೆ ಮುತ್ತಿದ ಆ ಬಾಯಿ ನೆನಪಾದಾಗ ಮೈ ಜುಮ್ಮೆನ್ನುತ್ತದೆ. ಒಂದೇ ದನಿಯ ಬಗ್ಗೆ ಎರಡೂ ಅನಿಸುವುದು ನನ್ನಂಥವಳಿಗೆ ಬಹಳ ಕಷ್ಟ.

ಆದರೆ ನನ್ನನ್ನು ನಿಜವಾಗಿ ಕಾಡುವುದು ಬೇರೆ. ಇಷ್ಟು ವರ್ಷ ಒಂದೇ ಮನೆಯಲ್ಲಿ ಬಾಳಿದ ಗಂಡನ ದನಿ ಅದು. ಅದು ಅವರದಲ್ಲ ಎಂದು ನನಗೆ ಗೊತ್ತಾಗಲಿಲ್ಲ. ಅವರು ಬಂಡೆಯ ಮೇಲೆ ಸಾಯುತ್ತ ಬಿದ್ದಿದ್ದರು, ನಾನು ಬೇರೆ ಯಾವುದರ ಜೊತೆಗೋ ಆಟ ಆಡುತ್ತ, ಅವರು ಚೆನ್ನಾಗಿದ್ದಾರೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಅಡುಗೆಮನೆಯಿಂದ "ಚಹಾ ಆತ್ರಿ" ಎಂದೆ. ಹಿತ್ತಲಿನಿಂದ "ಬಂದೆ" ಎಂಬ ಉತ್ತರ ಬಂತು. ಕಪ್ಪು ಅಲ್ಲೇ ಇಟ್ಟು, ಒದ್ದೆ ಕೈಯಲ್ಲೇ ಹಿತ್ತಲಿಗೆ ಹೋಗಿ ಅವರ ಮುಖ ನೋಡಿದೆ. "ಬಂದೆ ಅಂದ್ನೆಲ್ಲ, ಮತ್ಯಾಕ ಬಂದಿ?" ಎಂದರು. ಏನೂ ಇಲ್ಲ ಎಂದೆ. ಅವರು ಇನ್ನೊಂದು ಮಾತು ಆಡುವವರೆಗೆ, ಆ ತುಟಿ ಅಲುಗಾಡುವುದನ್ನು ಕಣ್ಣಾರೆ ಕಾಣುವವರೆಗೆ, ಅಲ್ಲೇ ನಿಂತಿದ್ದೆ.